ಬೀಗರ ಬೌಟು

ಹುಸ್. ಹುಸ್-ಹುಸ್. ಹುಸ್.

ಮೂಗಿನಿಂದ ಗಾಳಿ ದಬ್ಬುವ ಸದ್ದು ಅದು. ಪ್ರತಿ ಏಟಿಗೂ ಒಂದು ಉಸಿರು. ಬಾಕ್ಸರ್‌ಗಳೆಲ್ಲ ಹಾಗೇ ಮಾಡುತ್ತಾರಂತೆ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ, ಹಾಲಿನವನು ಇನ್ನೂ ಬಂದಿರಲಿಲ್ಲ, ಬೈಲಹೊಂಗಲದ ನಮ್ಮ ಮನೆಯ ಹಿತ್ತಲಿನಿಂದ ಆ ಸದ್ದು ಕೇಳಿಸಿತು. ಹಾಸಿಗೆಯಲ್ಲೇ ಎದ್ದು ಕೂತೆ. ಎಷ್ಟೋ ವರ್ಷಗಳಿಂದ ನಿಂತುಹೋಗಿದ್ದ ಸದ್ದು. ಹೋಗಿ ನೋಡಿದರೆ ನಮ್ಮ ಯಜಮಾನರು ಬನಿಯನ್-ಪಾಯಿಜಾಮದಲ್ಲಿ ನೀರಿನ ಟಾಕಿಯ ಪಕ್ಕ ನಿಂತು ಗಾಳಿಯನ್ನು ಹೊಡೆಯುತ್ತಿದ್ದರು. ಕಾಲು ನಡುಗುತ್ತಿದ್ದವು, ಕೈ ಮಾತ್ರ ತಪ್ಪುತ್ತಿರಲಿಲ್ಲ. ಎಡ, ಎಡ, ಬಲ. ನನಗೆ ಖುಷಿಯಾಯಿತು ನೋಡಿ. ಎಂಥ ಹುಚ್ಚು ಖುಷಿ! ಒಳಗೆ ಹೋಗಿ ದೇವರ ಜಗಲಿಯ ಮೇಲೆ ತುಪ್ಪದ ದೀಪ ಹಚ್ಚಿದೆ. ಇವರು ತಿರುಗಿ ಬರುತ್ತಿದ್ದಾರೆ, ಹೀ ಈಸ್ ಕಮಿಂಗ್ ಬ್ಯಾಕ್ ಅಂದುಕೊಂಡೆ. ಅವರು ಹೋಗುತ್ತಿದ್ದರು.

ಇದನ್ನು ಹೇಳಬೇಕಾದರೆ ಆಗದೇ ಹೋದ ಒಂದು ಬೌಟಿನ, ಬಾಕ್ಸಿಂಗ್ ಪಂದ್ಯದ, ಕಥೆಯನ್ನು ಮೊದಲು ಹೇಳಬೇಕು.

ಇವರು ಮನೋಳಿಯವರು. ಮಲಪ್ರಭೆಯಲ್ಲಿ ಈಸಾಡಿ ಬೆಳೆದ ಒಕ್ಕಲುತನದ ಮನೆಯ ಹುಡುಗ. ಮೀಸೆ ಚಿಗುರುವ ಹೊತ್ತಿಗೆ ಮಿಲಿಟರಿ ಸೇರಿದರು. ನಮ್ಮ ಅಪ್ಪನದು ಬೈಲಹೊಂಗಲದ ಪ್ಯಾಟಿಯಲ್ಲಿ ಅಡತಿ ಅಂಗಡಿ, ಬೆಲ್ಲ ಮತ್ತು ಶೇಂಗಾದ ವ್ಯಾಪಾರ. ನನ್ನ ಅಣ್ಣ ಆ ಗಾದಿಯ ಮೇಲೆ ಕೂಡಲೊಲ್ಲೆ ಅಂತ ಜಗಳವಾಡಿ ಅವನೂ ಅದೇ ಸುಮಾರಿಗೆ ಮಿಲಿಟರಿಗೆ ಹೋದ. ಬೇರೆ ಬೇರೆ ಪಲ್ಟನ್ನು, ಆದರೆ ಇಬ್ಬರಿಗೂ ಅಲ್ಲಿ ಬಾಕ್ಸಿಂಗಿನ ಗೀಳು ಹತ್ತಿತು. ಇಬ್ಬರೂ ಮಿಡಲ್‌ವೇಟ್, ಎಪ್ಪತ್ತೈದು ಕಿಲೋದ ಒಳಗಿನವರು. ಇವರು ಬಲಗೈಯವರು, ನಿಧಾನ, ತಳ್ಳಿದರೂ ಸರಿಯದ ಗೋಡೆ. ಅಣ್ಣ ಎಡಚ, ಸೌತ್‌ಪಾ, ಕಾಲು ನೆಲಕ್ಕೆ ತಾಗುತ್ತಿದ್ದವೋ ಇಲ್ಲವೋ.

ರಜೆಯಲ್ಲಿ ಇವರನ್ನು ಮನೆಗೆ ಕರೆದುಕೊಂಡು ಬಂದವನು ಅಣ್ಣನೇ. ನಾನು ಆಗಷ್ಟೇ ಬೆಳಗಾವಿಯ ಕಾನ್ವೆಂಟಿನ ಬೋರ್ಡಿಂಗ್ ಮುಗಿಸಿ ಬಂದಿದ್ದೆ. ಸಿಸ್ಟರ್‌ಗಳು ನನಗೆ ಪಿಯಾನೋ ಕಲಿಸಿದ್ದರು. ಬೆಲ್ಲದ ವ್ಯಾಪಾರಿಯ ಮನೆಯಲ್ಲಿ ಪಿಯಾನೋ ಎಲ್ಲಿಂದ ಬರಬೇಕು? ಮೇಜಿನ ಅಂಚಿನ ಮೇಲೆ ಸ್ಕೇಲ್ಸ್ ಬಾರಿಸುತ್ತ ಕೂಡುತ್ತಿದ್ದೆ. ಇವರು ಅದನ್ನು ಬಹಳ ಹೊತ್ತು ನೋಡಿ ಅಣ್ಣನನ್ನು ಕೇಳಿದರಂತೆ, "ನಿನ್ನ ತಂಗಿ ಬೆರಳಿಗೆ ಏನರ ಜಡ್ಡೈತೇನೋ?" ಅಂತ. ಹಾಗೆ ಶುರುವಾದದ್ದು ಸಕ್ಕರೆಪುಡಿಯ, ಅಂದರೆ ನಿಶ್ಚಿತಾರ್ಥದ, ತನಕ ಬಂತು.

ಸಕ್ಕರೆಪುಡಿ ಆಗಿ ಸ್ವಲ್ಪ ದಿನಕ್ಕೆ ಪಲ್ಟನ್ನುಗಳ ನಡುವೆ ಟೂರ್ನಮೆಂಟ್ ಬಂತು. ಒಂದು ಕಡೆಯಿಂದ ಗೆಲ್ಲುತ್ತ ಬಂದವರು ಇವರು, ಇನ್ನೊಂದು ಕಡೆಯಿಂದ ಗೆಲ್ಲುತ್ತ ಬಂದವನು ಅಣ್ಣ. ಫೈನಲ್‌ನಲ್ಲಿ ಎದುರಾಬದುರು. ಸುದ್ದಿ ಊರಿಗೆ ಮುಟ್ಟಿದ ಕೂಡಲೇ ಅಪ್ಪ ಟ್ರಂಕ್ ಕಾಲ್ ಬುಕ್ ಮಾಡಿ, ಪೋಸ್ಟ್ ಆಫೀಸಿನಲ್ಲಿ ಕೂತು, ಪ್ಯಾಟಿಗೆಲ್ಲ ಕೇಳುವಂತೆ ಕೂಗಿದರು:

"ಹೆಣ್ಣು ಕೊಟ್ಟ ಮನಿಯವರು ನಾವು! ಸಕ್ಕರಿಪುಡಿ ಆದಮ್ಯಾಲೆ ಬೀಗರ ಮೈಮ್ಯಾಲೆ ಕೈ ಮಾಡತೀಯೇನಲೇ? ಮೂಗು ಒಡಕೊಂಡ ಅಳಿಯನ್ನ ಹಂದರದಾಗ ಕೂಡಸಲ್ಯಾ ನಾ? ಮಂದಿ ನನ್ನ ಮಾರಿಗೆ ಉಗಳತಾರ!"

ಅಪ್ಪ ಹೇಳಿದ್ದು ಹೊಸದೇನಲ್ಲ. ನಮ್ಮ ಕಡೆ ಕುಸ್ತಿಯ ಕಣದಲ್ಲೂ ಜೋಡಿ ಕಟ್ಟುವ ಹಿರಿಯರು ಇಬ್ಬರ ಕೈ ಕೂಡಿಸುವ ಮೊದಲು "ಬೀಗತನ ಏನರ ಐತೇನ್ರಪಾ?" ಅಂತ ಕೇಳಿಯೇ ಕೂಡಿಸುವುದು. ಇದ್ದರೆ ಜೋಡಿ ಇಲ್ಲ. ಹೆಣ್ಣು ಕೊಟ್ಟವರು ಕೈ ಎತ್ತುವುದಿಲ್ಲ. ಅಣ್ಣ ಹೆಬ್ಬೆರಳು ಉಳುಕಿದೆ ಅಂತ ಹೇಳಿ ಹಿಂದೆ ಸರಿದ. ರಿಂಗಿನಲ್ಲಿ ಇವರೊಬ್ಬರೇ ನಿಂತರು, ರೆಫ್ರಿ ಇವರ ಕೈ ಎತ್ತಿದ. ವಾಕ್‌ಓವರ್. ಇವರ ಬದುಕಿನ ಒಂದೇ ಒಂದು ಬಂಗಾರದ ಪದಕ ಅದು. ಅದನ್ನು ಇವರು ಯಾವತ್ತೂ ಗೋಡೆಗೆ ಹಾಕಲಿಲ್ಲ. ಮುಂದೆ ಇಬ್ಬರಿಗೂ ವರ್ಗ, ಗಾಯ, ವಯಸ್ಸು; ಮತ್ತೆ ಎದುರಾಗಲೇ ಇಲ್ಲ.

ಆಡಿದ್ದರೆ ಯಾರು ಗೆಲ್ಲುತ್ತಿದ್ದರು? ಅರ್ಧ ಶತಮಾನ ನಮ್ಮ ಎರಡೂ ಮನೆತನ ಇದನ್ನು ಅಗಿದವು. ಪೆನ್ಷನ್ ಬಂದ ಮೇಲೆ ಇವರು ಬೈಲಹೊಂಗಲದಲ್ಲಿ ಮನೆ ಕಟ್ಟಿಸಿದರು. ಅಣ್ಣ ಹೆಂಡತಿಯ ಕಡೆಯ ಹೊಲ ನೋಡಿಕೊಳ್ಳಲು ರಾಮದುರ್ಗದ ಆಚೆ ಸುರೇಬಾನಕ್ಕೆ ಹೋದ. ಊರು ಅದಲುಬದಲಾದವು, ಪಕ್ಷ ಮಾತ್ರ ಬದಲಾಗಲಿಲ್ಲ. ಬಸ್‌ಸ್ಟ್ಯಾಂಡಿನ ಎದುರಿನ ಚಹಾದ ಅಂಗಡಿಯಲ್ಲಿ ಇವರನ್ನು ಕೂಡಿಸಿಕೊಂಡೇ ವಾದ ನಡೆಯುತ್ತಿತ್ತು.

"ಎಡಗೈಯವನ ಮುಂದ ನಿಂತ್ರ ಎಂಥವಗೂ ದಿಕ್ಕ ತಪ್ಪತೈತ್ರಿ. ಮನೋಳಿ ಸಾಹೇಬ್ರು ಮೊದಲನೇ ರೌಂಡಿನ್ಯಾಗ ಮಕ್ಕೊಂತಿದ್ರು."

"ಹೋಗಲೇ, ಕುಣಿಯಾವ ಎಷ್ಟೊತ್ತು ಕುಣಿತಾನ? ಮೂರನೇ ರೌಂಡಿಗೆ ಬೆಲ್ಲದ ಪೆಂಟಿ ಬಿದ್ದಂಗ ಬೀಳತಿದ್ದ ಅಡತಿಯವ್ರ ಮಗ."

"ಅಲ್ಲ, ಅಕ್ಕಾವ್ರನ್ನ ಕೇಳೂಣು. ಅಕ್ಕಾವ್ರ, ನೀವ ಹೇಳ್ರಿ, ಅಣ್ಣನೋ ಗಂಡನೋ?"

ತರಕಾರಿ ಚೀಲ ಹಿಡಿದು ಹೋಗುವ ನನ್ನನ್ನು ನಿಲ್ಲಿಸಿ ಕೇಳುವರು. ನಾನು "ನೋ ಕಾಮೆಂಟ್ಸ್" ಅನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ಇವರೂ ನಗುತ್ತಿದ್ದರು. ಆದರೆ ಇವರ ನಗು ತುಟಿಯಿಂದ ಮೇಲೆ ಏರುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು.

ಅದು ಒಡೆದದ್ದು ಕಿತ್ತೂರಿನಲ್ಲಿ, ಒಂದು ಮದುವೆಯ ಊಟದ ಪಂಕ್ತಿಯಲ್ಲಿ. ಬೂಂದಿ ಬಡಿಸುತ್ತಿದ್ದ ದೂರದ ನೆಂಟನೊಬ್ಬ ಇವರ ಎಲೆಯ ಮುಂದೆ ನಿಂತು, "ಮಂದಿಗೆ ಹುಂಡಾದಾಗ ಉಂಗುರ ಕೊಡತಾರ. ನಿಮಗ ಬಂಗಾರದ ಪದಕಾನ ಕೊಟ್ಟಬಿಟ್ರ ನೋಡ್ರಿ ಬೀಗರು!" ಅಂದ. ಪಂಕ್ತಿಯೆಲ್ಲ ನಕ್ಕಿತು. ಪಕ್ಕದಲ್ಲಿ ಕೂತಿದ್ದ ಅಣ್ಣನೂ ನಕ್ಕ. ಇವರು ಎಲೆ ಮಡಚಿದರು. "ನೀನೂ ನಕ್ಕಿ" ಅಂದರು, ಅಷ್ಟೇ. ಅಣ್ಣನಿಗೂ ಸಿಟ್ಟು ಏರಿತು. "ಮತ್ತ ಏನ್ ಅಳಲ್ಯಾ? ಇಷ್ಟ ವರ್ಷ ಅಂಜಿ ಓಡಿದಾಂವ ಅನ್ನಿಸಿಕೊಂಡಾಂವ ನಾನು, ನೀನಲ್ಲ." ಅವತ್ತಿನಿಂದ ಹೋಗಿಬರುವುದು ನಿಂತಿತು. ಒಬ್ಬರಿಗೆ ಗೆಲ್ಲದೆ ಗೆದ್ದ ಉರಿ, ಒಬ್ಬನಿಗೆ ಸೋಲದೆ ಸೋತ ಉರಿ. ನಡುವೆ ನಾನು, ಆ ಹುಂಡಾದ, ವರದಕ್ಷಿಣೆಯ, ಹೆಣ್ಣು.

ಆಮೇಲೆ ಇವರಿಗೆ ಮರೆವು ಶುರುವಾಯಿತು. ಮೊದಲು ಬೀಗದ ಕೈ, ಆಮೇಲೆ ಓಣಿ, ಆಮೇಲೆ ಮಗನ ಮುಖ. ಧಾರವಾಡದ ಡಾಕ್ಟರು ತಲೆಯ ಸ್ಕ್ಯಾನ್ ಬೆಳಕಿಗೆ ಹಿಡಿದು, ಹೊಡೆತ ತಿಂದ ಮೆದುಳು ಇದು, ಮುಪ್ಪೂ ಸೇರಿಕೊಂಡಿದೆ, ಮಾತಾಡಿಸುತ್ತ ಇರಿ ಅಂದರು. ಮಾತಾಡಿಸುವುದಿರಲಿ, ಇವರು ಉಣ್ಣುವುದನ್ನೇ ಬಿಡತೊಡಗಿದರು. ತುತ್ತು ಬಾಯಲ್ಲಿಟ್ಟುಕೊಂಡು ಕೂತುಬಿಡುವರು. ಅಗಿಯುವುದು ಹೇಗೆಂಬುದೇ ನೆನಪಿಲ್ಲದವರ ಹಾಗೆ. ಮಗ ಬೆಳಗಾವಿಯ ನೌಕರಿಗೆ ದಿನಾ ಬೆಳಿಗ್ಗೆ ಬಸ್ ಹಿಡಿಯುವವನು, ಸೊಸೆ ಇಲ್ಲೇ ಕಾಲೇಜಿನಲ್ಲಿ ಪಾಠ ಮಾಡುವವಳು. ಹಗಲು ನಾನು, ಇವರು, ಮತ್ತು ಆರಿ ಹೋಗುವ ಗಂಜಿ. ಬೇಡಿಕೊಂಡೆ, ಬೈದೆ, ಅತ್ತೆ. ಸಿಸ್ಟರ್‌ಗಳು ಕಲಿಸಿದ್ದ ಪ್ರೇಯರ್‌ಗಳನ್ನೂ ಬಿಡಲಿಲ್ಲ, ನಮ್ಮ ಶಿವನನ್ನೂ ಬಿಡಲಿಲ್ಲ.

ಒಂದು ಮಧ್ಯಾಹ್ನ ಚಮಚ ಎಸೆದು, ತಾಳಲಾರದೆ ಅಂದುಬಿಟ್ಟೆ: "ಇಂಥಾವ್ರು ನೀವು ನಮ್ಮ ಅಣ್ಣನ ಮುಂದ ನಿಲ್ಲತಿದ್ರೇನು? ಅವನ ಲೆಫ್ಟ್ ಹುಕ್ ಒಂದು ಬಿದ್ದಿದ್ರ ಮುಗೀತಿತ್ತು."

ಇವರ ಕಣ್ಣು ತಿರುಗಿದವು. ಬಾಯಲ್ಲಿದ್ದದ್ದು ನುಂಗಿದರು. "ಯಾಂವ ಹೇಳಿದಾಂವ?"

"ಊರೆಲ್ಲಾ ಹೇಳತೈತಿ."

"ಅವಂದು ಹುಕ್ ಅಗಲ. ಬರೂದ್ರಾಗ ನಾ ಒಳಗ ಹೊಕ್ಕಿರತೇನಿ." ಹೇಳಲು ಬಾಯಿ ತೆರೆದದ್ದೇ ತಡ, ಚಮಚ ಎತ್ತಿ ಬಾಯಿಗಿಟ್ಟೆ. ಸಿಟ್ಟಿನಲ್ಲಿ ಅಗಿದರು. ಸಿಟ್ಟಿನಲ್ಲಿ ನುಂಗಿದರು. ಬಟ್ಟಲು ಖಾಲಿಯಾಯಿತು.

ಅವತ್ತಿನಿಂದ ಅದೇ ನಮ್ಮ ಊಟದ ಮಂತ್ರ. ಜೀವನವಿಡೀ ನೋ ಕಾಮೆಂಟ್ಸ್ ಅಂದವಳು ಈಗ ಚಹಾದ ಅಂಗಡಿಯ ಗಂಡಸರಿಗಿಂತ ಜೋರು. ಜ್ಯಾಬ್, ಹುಕ್, ಅಪ್ಪರ್‌ಕಟ್, ಫುಟ್‌ವರ್ಕ್. ಅಣ್ಣನ ಪಕ್ಷ ಹಿಡಿದು ಗಂಡನ ಜೊತೆ ಕಾದಾಡುತ್ತ ರೊಟ್ಟಿ ಮುರಿದು ಹಾಲಲ್ಲಿ ನೆನೆಸಿ ಹಾಕುತ್ತಿದ್ದೆ. ಸೊಸೆ ಕಾಲೇಜಿನಿಂದ ಬಂದವಳು ಬಾಗಿಲಲ್ಲೇ ನಿಂತು ನಗುವಳು. "ಅತ್ತಿ, ಮಾವನ್ನ ಮೂರ್ಹೊತ್ತು ಸೋಲಿಸಿ ಸೋಲಿಸಿ ಉಣಸ್ತೀರಲ್ರಿ!" ಒಂದು ದಿನ ಮಾತ್ರ ನಗದೆ ಅಂದಳು, "ಅವ್ರು ಖರೇ ಅಂತ ತಿಳ್ಕೊಳ್ಳಾಕತ್ತಾರ್ರೀ ಅತ್ತಿ. ಇವತ್ತ ನನಗ, ಬೌಟ್ ಯಾವತ್ತೈತಿ ಅಂತ ಕೇಳಿದ್ರು." ಇರಲಿ ಬಿಡು, ಮೈಗೆ ಕಸುವು ಹತ್ತುತ್ತಿದೆಯಲ್ಲ ಅಂದೆ. ಅದರ ಮರುದಿನವೋ ಅದರಾಚೆಯ ದಿನವೋ ಹಿತ್ತಲಿನಲ್ಲಿ ಆ ಸದ್ದು. ತುಪ್ಪದ ದೀಪ.

ದೀಪ ಹಚ್ಚಿ ಬಂದು ತಟ್ಟೆ ಇಟ್ಟೆ. ಇವರು ತಟ್ಟೆಯನ್ನು ಎರಡು ಬೆರಳಿನಿಂದ ದೂರ ಸರಿಸಿದರು.

"ಅಣ್ಣನ ಹುಕ್..." ಅಂತ ಶುರುಮಾಡಿದೆ.

"ಗೊತ್ತೈತಿ. ತೂಕ ಆದಮ್ಯಾಲೆ ಉಣತೇನಿ."

"ಯಾವ ತೂಕ?"

"ನಾ ಓವರ್ ಅದೇನಿ," ಅಂದರು, ಎಲುಬಿಗೆ ಚರ್ಮ ಅಂಟಿದ ಮನುಷ್ಯ. "ಎಪ್ಪತ್ತೈದರ ಒಳಗ ಬರಬೇಕು."

ಮೊದಲು ನನಗೆ ಅರ್ಥವಾಗಲಿಲ್ಲ. ಮಧ್ಯಾಹ್ನ ಬಿಸಿಲಿನಲ್ಲಿ ಕಂಬಳಿ ಹೊದ್ದು ಕೂತರು, ಬೆವರು ಇಳಿಸಲು. ಸ್ಟೀಲ್ ಲೋಟ ಕೈಯಲ್ಲಿ ಹಿಡಿದು ಅದರಲ್ಲಿ ಉಗುಳತೊಡಗಿದರು. ಉಗುಳಿನ ತೂಕವೂ ಇಳಿಯಬೇಕಲ್ಲ. ನೀರು ಕೊಟ್ಟರೆ ಬಾಯಿ ಮುಕ್ಕಳಿಸಿ ಹೊರಗೆ ಬಿಟ್ಟರು. ಆಗ ತಿಳಿಯಿತು. ಬೌಟಿನ ಹಿಂದಿನ ದಿನಗಳಲ್ಲಿ ಬಾಕ್ಸರ್‌ಗಳೆಲ್ಲ ಮಾಡುತ್ತಿದ್ದದ್ದೇ ಇದು. ಉಣಿಸಲೆಂದು ನಾನು ಎಬ್ಬಿಸಿದ ಆ ಪಂದ್ಯ ಇವರ ತಲೆಯಲ್ಲಿ ನಿಜವಾಗಿ ಎದ್ದು ನಿಂತಿತ್ತು, ಅದಕ್ಕಾಗಿ ಇವರು ಉಪವಾಸ ಬಿದ್ದಿದ್ದರು. ಮಗ ಡಾಕ್ಟರಿಗೆ ಫೋನ್ ಮಾಡಿದ, ಸಲೈನ್ ಹಾಕಿಸಿದರು. ಇವರು ಸೂಜಿ ಕಿತ್ತು, "ನೀರ ತುಂಬಿ ತೂಕ ಏರಸ್ತೀರೇನು, ಅವನ ಕಡೆಯವ್ರು ನೀವು?" ಅಂತ ಕೂಗಿದರು. ಬೌಟ್ ಕ್ಯಾನ್ಸಲ್ ಆಗಿದೆ ಅಂತ ನಾನು ಸುಳ್ಳು ಹೇಳಿನೋಡಿದೆ. ಮುಖ ಬೂದಿಯಾಯಿತು. "ಮತ್ತ ವಾಕ್‌ಓವರ್ ಏನು?" ಅಂದರು. ಅಲ್ಲಿಂದ ಗುಟುಕು ನೀರೂ ಇಲ್ಲ.

ಬೆಳಗಾದ ಕೂಡಲೇ ಬಸ್ ಹತ್ತಿದೆ. ಸವದತ್ತಿಯಲ್ಲಿ ಇಳಿದು ರಾಮದುರ್ಗದ ಬಸ್, ರಾಮದುರ್ಗದಿಂದ ಸುರೇಬಾನ. ದಾರಿಯಲ್ಲೆಲ್ಲ ಜೋಳ ಕಟಾವಿಗೆ ಬಂದಿತ್ತು, ಪಕ್ಕದ ಹೆಂಗಸು ಚುರುಮರಿ ಕೊಟ್ಟಳು. ಇಳಿಯುವ ತನಕ ಅದನ್ನು ಕೈಯಲ್ಲಿ ಹಿಡಿದೇ ಕೂತೆ.

ಅಣ್ಣ ಕಬ್ಬಿನ ಹೊಲಕ್ಕೆ ನೀರು ತಿರುಗಿಸಿ ಬಂದು ಕಟ್ಟೆಯ ಮೇಲೆ ಕಾಲು ತೊಳೆಯುತ್ತಿದ್ದ. ದಪ್ಪಗಾಗಿದ್ದ, ಮೊಣಕಾಲು ಬಾಗಿದ್ದವು. ನನ್ನನ್ನು ಕಂಡು ತಂಬಿಗೆ ಕೆಳಗಿಟ್ಟ.

"ಏನವಾ, ದಾರಿ ತಪ್ಪಿ ಬಂದಿಯೇನು?"

ಎಲ್ಲ ಹೇಳಿದೆ. ಕಂಬಳಿ, ಲೋಟ, ಸೂಜಿ. ಅವನು ಕೇಳುತ್ತ ಕೇಳುತ್ತ ನೆಲ ನೋಡಿದ.

"ಬಂದು ಒಂದು ಮಾತು ಹೇಳಿಬಿಡು ಅಣ್ಣಾ. ನೀ ಗೆದ್ದಿ, ನಾ ಸೋತೆ ಅಂತ ಹೇಳು. ಅವ್ರು ಉಣತಾರ."

"ಹೇಳಾಂಗಿಲ್ಲ."

"ಅಣ್ಣಾ..."

"ಜೀವಮಾನ ಎಲ್ಲಾ ಅಂಜುಬುರುಕ ಅನ್ನಿಸಿಕೊಂಡೇನಿ. ಈಗ ಮನೀಗೆ ಬಂದು ಸೋತೆ ಅಂತ ಅಡ್ಡಬೀಳಲೇನು? ಆಡಲಾರದ ಆಟಾ ಸೋಲೂದು ಹೆಂಗ?"

ನಾನು ಅವನ ಒದ್ದೆ ಕಾಲು ಹಿಡಿದುಕೊಂಡೆ. ಕೈಹಿಡಿದವನಿಗಾಗಿ ಒಡಹುಟ್ಟಿದವನ ಕಾಲು. ಕಾನ್ವೆಂಟು, ಇಂಗ್ಲಿಷು, ಮುಪ್ಪು ಯಾವುದೂ ಅಡ್ಡ ಬರಲಿಲ್ಲ. "ಸಾಯ್ತಾರೋ" ಅಂದೆ. ಅವನು ಬಗ್ಗಿ ನನ್ನನ್ನು ಎತ್ತಿದ. ಅವನ ಉಸಿರೂ ಏರಿತ್ತು.

"ಏಳವಾ, ಹುಚ್ಚಿ. ನಿನಗ ತಿಳಿದಿಲ್ಲ. ‘ನೀ ಗೆದ್ದಿ’ ಅಂದ್ರ ಅಂವ ಉಣ್ಣಾಂಗಿಲ್ಲ. ಅದನ್ನ ಉಂಡ ಉಂಡ ಅವನ ಹೊಟ್ಟಿ ಕೆಟ್ಟೈತಿ." ತಂಬಿಗೆಯಲ್ಲಿ ಉಳಿದಿದ್ದ ನೀರು ಚೆಲ್ಲಿ, "ತೂಕ ಮಾಡೂಣು" ಅಂದ. "ತೂಕಾದ ಮ್ಯಾಲೆ ಬಾಕ್ಸರ್ ಹೊಟ್ಟಿತುಂಬ ಉಣತಾನ. ಅದು ರೂಲು. ನಡಿ."

ಅವನು ಅಂಗಿ ಬದಲಿಸಿದ. ಅವನ ಸೊಸೆಯರು ಇಟ್ಟ ಚಹಾ ಮುಟ್ಟಲಿಲ್ಲ. ಯಾಕೋ ಅಂದರೆ, "ನನ್ನ ತೂಕಾನೂ ನೋಡತಾನಲ್ಲ ಅಂವ" ಅಂದ. ಆ ಅವಸ್ಥೆಯಲ್ಲೂ ನನಗೆ ನಗು ಬಂತು.

ಸಂಜೆಗೆ ಬೈಲಹೊಂಗಲ ಮುಟ್ಟಿದೆವು. ಇವರು ಕಂಬಳಿಯೊಳಗಿಂದ ಅಣ್ಣನನ್ನು ನೋಡಿದರು, ಗುರುತು ಹತ್ತಲಿಲ್ಲ. "ಯಾರಿವ್ರು, ಅಡತಿಯವ್ರೇನು?" ಅಂದರು. ಅಣ್ಣ ಚಪ್ಪಲಿ ಬಿಟ್ಟು ಅಂಗಳದಲ್ಲಿ ಬಲಗಾಲು ಮುಂದಿಟ್ಟು, ಬಲಭುಜ ಮುಂದೆ ಮಾಡಿ, ಎಡಗೈ ಹಿಂದೆ ಮಡಚಿ ಓರೆಯಾಗಿ ನಿಂತ. ಹೊಟ್ಟೆ ಅಡ್ಡ ಬಂತು, ಆದರೂ ನಿಂತ.

ಇವರ ಕಂಬಳಿ ಜಾರಿತು. "ಎಡಗೈ!" ಅಂದರು. "ಬಂದ್ಯಾ?"

"ತೂಕಕ್ಕ ಬಂದೇನಿ. ಏಳು."

ಹೋದದ್ದು ನಮ್ಮ ಅಪ್ಪನ ಅಂಗಡಿಗೆ, ಅದು ಈಗ ಬೇರೆಯವರದು. ಮಾರುಕಟ್ಟೆ ಮುಚ್ಚುವ ಹೊತ್ತು, ಕಟ್ಟೆಯ ಮೇಲೆ ದೊಡ್ಡ ತೂಕದ ಯಂತ್ರ ಇನ್ನೂ ಎತ್ತಿಟ್ಟಿರಲಿಲ್ಲ. ಮಗ ಇವರನ್ನು ಆಟೋದಿಂದ ಇಳಿಸಿ ಹಿಡಿದು ತಂದ. ಹಮಾಲರು ಬೀಡಿ ಎಸೆದು ಸುತ್ತ ಕೂಡಿದರು.

"ಯಜಮಾನ್ರ, ಇಲ್ಲಿ ಮಾಲು ತೂಗತೇವ್ರಿ, ಬೀಗರನ್ನಲ್ಲ!"

"ತೂಗಲೇ ತೂಗು, ಚೀಲದ ತೂಕ ಕಳಿ ಮತ್ತ!"

ಇವರು ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಅಂಗಿ ಬಿಚ್ಚಿದರು. ಪಾಯಿಜಾಮದ ಲಾಡಿಗೂ ಕೈ ಹಾಕಿದರು; ನಾನು ಹಿಡಿದುಕೊಂಡೆ. "ಬಟ್ಟಿ ತೂಕ ಹಿಡೀತೈತಿ, ಬಿಡು" ಅಂತ ನನಗೇ ಗದರಿದರು. ಬರಿಮೈ ಕಂಡ ಕೂಡಲೇ ಹಮಾಲರ ನಗು ನಿಂತಿತು. ಒಬ್ಬ ಮುಂದೆ ಬಂದು, "ಮೆಲ್ಲಕ ಏರ್ರಿ ಸಾಹೇಬ್ರ" ಅಂತ ಮೊಣಕೈ ಹಿಡಿದ. ಅಣ್ಣ ಕೆಂಪು ಅಂಕಿಗಳಿಗೆ ಅಡ್ಡವಾಗಿ ನಿಂತು ಓದಿದ:

"ಎಪ್ಪತ್ನಾಕೂವರಿ. ಪಾಸ್."

ಅವನ ಭುಜದ ಮೇಲಿಂದ ನಿಜವಾದ ಅಂಕಿ ನನಗೆ ಕಂಡಿತು. ಅದನ್ನು ಇಲ್ಲಿ ಬರೆಯಲಾರೆ.

"ಈಗ ನೀ ಏರು" ಅಂದರು ಇವರು. ಅಣ್ಣ ಏರಿದ, ತಾನೇ ಓದಿದ: "ಎಪ್ಪತ್ತೈದು. ಕರೆಕ್ಟ್." ಇವರು ಅವನ ಹೊಟ್ಟೆ ನೋಡಿ, ಹಮಾಲರನ್ನು ನೋಡಿ, "ಈ ತಕ್ಕಡಿ ಅವರಪ್ಪಂದು" ಅಂದರು. ಎಲ್ಲರೂ ಹೋ ಅಂತ ನಕ್ಕರು. ಇವರೂ ನಕ್ಕರು, ಕಣ್ಣಿನ ತನಕ.

ಮನೆಗೆ ಬಂದು ಇವರು ಉಂಡರು. ಹಾಲು ರೊಟ್ಟಿ, ಬೆಲ್ಲ, ಶೇಂಗಾ ಚಟ್ನಿ. ಕೈ ಬೀಸಿ ಮತ್ತೆ ಹಾಕು ಅಂದರು. ಅಣ್ಣ ಎದುರಿಗೆ ಕೂತು ಅಷ್ಟೇ ಉಂಡ. ನಾನು ಇಬ್ಬರ ತಟ್ಟೆಗೂ ಬಡಿಸುತ್ತ ಬಡಿಸುತ್ತ, ಇದೊಂದು ಊಟ ಹೀಗೇ ಮುಗಿಯದಿರಲಿ ಅಂತ ಬಡಿಸಿದೆ.

"ನಾಳೆ ಬರತಿ ಹೌದಿಲ್ಲೋ?" ಇವರು ಕೇಳಿದರು.

"ಬರತೇನಿ."

"ಖರೇನ?"

"ಖರೇನ."

ಕೈತೊಳೆಯುವಾಗ ಅಣ್ಣ ಮೆಲ್ಲಗೆ ನನಗೆ ಹೇಳಿದ, ಮುಂಜಾನೆಯದು ಸಂಜೆಗೆ ನೆನಪಿರುವುದಿಲ್ಲ ಅಂದೆಯಲ್ಲ, ನಾಳೆ ಮತ್ತೆ ತೂಗೋಣ, ದಿನಾ ತೂಗೋಣ, ನಾನು ಇಲ್ಲೇ ಇರುತ್ತೇನೆ ಅಂತ. ಮಗನ ಹೆಸರು ಮರೆತ ಮನುಷ್ಯ ಇದನ್ನು ಮರೆಯುವುದಿಲ್ಲವೇ? ನಾವು ಇಬ್ಬರೂ ಹಾಗೇ ನಂಬಿದೆವು.

ಮರೆಯಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ತಲೆ ಬಾಚಿ, ಹಿತ್ತಲಿನಲ್ಲಿ ಕಾಯುತ್ತ ನಿಂತಿದ್ದರು. ಅಣ್ಣ ಹಲ್ಲುಜ್ಜುತ್ತ ಬಾಗಿಲು ದಾಟಿದ. ಇವರ ಎಡಗೈ ಬಂದು ಅವನ ಎದೆಗೆ ತಾಗಿತು, ಹಕ್ಕಿ ಬಡಿದ ಹಾಗೆ. ಮತ್ತೊಂದು. ಬಲಗೈ ಕೆನ್ನೆಗೆ.

"ಕೈ ಎತ್ತಲೇ."

ಅಣ್ಣನ ಕೈ ಜೋತುಬಿದ್ದೇ ಇದ್ದವು.

"ಎತ್ತು! ಮಾತು ಕೊಟ್ಟೀದಿ!"

ಇವರ ಕಣ್ಣಲ್ಲಿ ನೀರು ತುಂಬಿತ್ತು. ನನಗೆ ಎಲ್ಲ ಕಂಡಿತು. ಇವನು ಈಗ ಕೈ ಎತ್ತದಿದ್ದರೆ ಇವರು ಇನ್ನು ಉಣ್ಣುವುದಿಲ್ಲ. "ಎತ್ತೋ ಅಣ್ಣಾ!" ಅಂತ ಚೀರಿದೆ. "ಹೊಡಿ ಅವ್ರನ್ನ! ಸುಳ್ಳಸುಳ್ಳ ಆದ್ರೂ ಹೊಡಿ! ನಿನ್ನ ಕಾಲಿಗೆ ಬೀಳತೇನಿ, ಹೊಡಿ ನನ್ನ ಗಂಡನ್ನ!" ಆಚೆ ಮನೆಯ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದವಳು ನಿಂತು ನೋಡಿದಳು. ಸೊಸೆ ಓಡಿಬಂದಳು.

ಅಣ್ಣನ ಎಡಗೈ ಮೇಲೆ ಬಂತು. ಮುಷ್ಟಿ ಕಟ್ಟಿತು. ಎದೆಯ ಎತ್ತರದ ತನಕ ಬಂದು ಅಲ್ಲೇ ನಿಂತಿತು. ಎದುರಿಗೆ ಆ ಎಲುಬಿನ ಗೂಡು. ಅಪ್ಪ ಸತ್ತು ಯಾವ ಕಾಲವಾಯಿತು, ಅಪ್ಪನ ಮಾತು ಹಿಡಿಯಿತೋ, ಕರುಣೆ ಹಿಡಿಯಿತೋ, ನಾನು ಇವತ್ತಿಗೂ ಅವನನ್ನು ಕೇಳಿಲ್ಲ. ಮುಷ್ಟಿ ಬಿಚ್ಚಿಕೊಂಡಿತು.

"ಆಗವಲ್ದವಾ" ಅಂದ, ನನ್ನ ಕಡೆ ತಿರುಗಿ. "ನನ್ನ ಕೈಲೆ ಆಗವಲ್ದು."

ಇವರು ಕೈ ಕೆಳಗೆ ಬಿಟ್ಟರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. "ಮತ್ತ ಅದನ್ನ ಮಾಡಿದಿ" ಅಂದರು. ಬೈಗುಳವಲ್ಲ, ಕೂಗಾಟವಲ್ಲ. ದಣಿದ ಮನುಷ್ಯ ಆಡುವ ಮಾತು.

ಅದೇ ಅವರ ಕೊನೆಯ ಮಾತು ಅಂತ ನಮಗೆ ತಿಳಿಯಲು ವಾರವೇ ಹಿಡಿಯಿತು. ಅಣ್ಣ ಊರಿಗೆ ಹೋಗಲಿಲ್ಲ. ಮತ್ತೆ ಮತ್ತೆ ಎದುರಿಗೆ ನಿಂತ, ಕೊನೆಗೆ ಕೈಯನ್ನೂ ಎತ್ತಿದ, ಗಾಳಿಯಲ್ಲಿ ಹುಕ್ ಬೀಸಿ ತೋರಿಸಿದ. ಇವರು ಅವನ ಆಚೆ ಎಲ್ಲೋ ನೋಡುತ್ತಿದ್ದರು. ನಾನು ವಾದ ಶುರುಮಾಡಿದೆ, ಒಮ್ಮೆ ಅಣ್ಣನ ಪಕ್ಷ, ಒಮ್ಮೆ ಇವರ ಪಕ್ಷ; ಸವದತ್ತಿಯ ನೆಂಟರನ್ನು ಕರೆಸಿ ಹಾಸಿಗೆಯ ಪಕ್ಕದಲ್ಲೇ ವಾದ ಮಾಡಿಸಿದೆ. ಗಂಡಸರು ಪಾಪ, ಕಣ್ಣೀರು ಒರೆಸಿಕೊಳ್ಳುತ್ತ ಸೌತ್‌ಪಾ ಮೇಲೋ ರೈಟ್ ಹ್ಯಾಂಡ್ ಮೇಲೋ ಅಂತ ಜಗಳಾಡಿದರು. ತುಟಿ ತೆರೆಯಲಿಲ್ಲ. ಬೆಳಗಾವಿಯ ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿದರು. ಡಾಕ್ಟರು, "ಮೇಡಂ, ಬಾಡಿ ಈಸ್ ನಾಟ್ ಫೈಟಿಂಗ್" ಅಂದರು. ಬೇರೆ ಯಾವ ಶಬ್ದವೂ ಸಿಗಲಿಲ್ಲವೇ ಆ ಹುಡುಗನಿಗೆ. ಮನೆಗೆ ಕರೆತಂದೆವು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಇವರನ್ನೂ ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದರು, ಹಣೆಗೆ ವಿಭೂತಿ, ಕೊರಳಿಗೆ ಹಾರ. ಅಣ್ಣ ಪಕ್ಕದಲ್ಲಿ ಕೂತು ಭುಜ ವಾಲದಂತೆ ಒಂದು ಕೈಯಿಂದ ಹಿಡಿದಿದ್ದ, ಇನ್ನೊಂದು ಕೈಯಲ್ಲಿ ಪಂಚೆಯ ತುದಿ. ನೊಣ ಕೂತಾಗೆಲ್ಲ ಮುಖ ಒರೆಸುತ್ತಿದ್ದ. ಇವರ ತಲೆ ಮುಂದಕ್ಕೆ ಬಾಗಿ ಗದ್ದ ಎದೆಗೆ ತಾಗಿತ್ತು. ಓಣಿಯವನೊಬ್ಬ ಅರಿವೆಯ ಪಟ್ಟಿ ತಂದ, ಗದ್ದ ಮೇಲೆತ್ತಿ ಗೋಡೆಯ ಮೊಳೆಗೆ ಕಟ್ಟಲು.

"ಬ್ಯಾಡ" ಅಂದ ಅಣ್ಣ. "ಹಂಗ ಇರಲಿ."

"ಮಂದಿಗೆ ಮಾರಿ ಕಾಣಂಗಿಲ್ರಿ."

"ಕಾಣದಿದ್ರ ಬಿಡು. ಅಂವ ಎಂದೂ ಗದ್ದ ಎತ್ತಿ ನಿಂತಾಂವ ಅಲ್ಲ. ಎತ್ತಿದ್ರ ನನ್ನ ಎಡಗೈಗೆ ಸಿಗತಿದ್ದ." ಪಂಚೆಯಿಂದ ಇವರ ಹಣೆ ಒರೆಸಿದ, ವಿಭೂತಿ ಅಳಿಸದ ಹಾಗೆ. "ಎತ್ತತಿರಲಿಲ್ಲ. ನನಗ ಸಿಗತಿರಲಿಲ್ಲ ಅಂವ."

ಯಾರು ಗೆಲ್ಲುತ್ತಿದ್ದರು ಅಂತ ಅವತ್ತು ಯಾರೂ ಅವನನ್ನು ಕೇಳಿರಲಿಲ್ಲ.

ನಮ್ಮ ಮನೆತನದ ಹೆಂಗಸರು ಹೊಸ್ತಿಲ ತನಕ ಮಾತ್ರ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಹೂವಿನ ವಿಮಾನದಲ್ಲಿ ಇವರನ್ನು ಎತ್ತಿದರು. ಓಣಿಯ ತಿರುವಿನ ತನಕ ಕಂಡರು: ನೆಟ್ಟಗೆ ಕೂತು, ಗದ್ದ ಎದೆಗೆ ಒತ್ತಿ, ಬೆನ್ನಿಗೆ ಅಣ್ಣನ ಕೈ.